ಮೊಬೈಲ್ ನೋಡಿ ಕರಾಟೆ ಕಲಿಯಬಹುದೇ?

ಕೇಳುಗರೆಲ್ಲರಿಗೂ ನಮಸ್ಕಾರ.

‘ಯೂಟ್ಯೂಬಿನಲ್ಲಿ ಎಲ್ಲವೂ ಇರುವಾಗ ತಿಂಗಳು ತಿಂಗಳೂ ಫೀಸು ಕಟ್ಟಿ ಮಗುವನ್ನು ತರಗತಿಗೆ ಏಕೆ ಕಳುಹಿಸಬೇಕು, ಮಾಸ್ಟರ್?’ ಎಂದು ತುಮಕೂರಿನಲ್ಲಿ ಮಕ್ಕಳಿಗೆ ಕರಾಟೆ ಹೇಳಿಕೊಡುವ ನನ್ನನ್ನು ತಂದೆ ತಾಯಂದಿರು ಆಗಾಗ ಕೇಳುತ್ತಾರೆ. ಈ ಪ್ರಶ್ನೆ ನ್ಯಾಯವಾದದ್ದೇ. ಹೊಡೆತ ಮತ್ತು ತಡೆಗಳನ್ನು ಗೊತ್ತಾದ ಕ್ರಮದಲ್ಲಿ ಒಬ್ಬರೇ ಮಾಡುವ ಅಭ್ಯಾಸಕ್ಕೆ ಕಟಾ ಎನ್ನುತ್ತಾರೆ. ಜಪಾನಿನ ಹಿರಿಯ ಗುರುಗಳು ಮಾಡಿ ತೋರಿಸುವ ಕಟಾಗಳನ್ನು ಇಂದು ಪಾವಗಡದ ಹಳ್ಳಿಯೊಂದರ ಹುಡುಗಿಯೂ ತನ್ನ ಮನೆಯಲ್ಲೇ ಕುಳಿತು, ಬೇಕಾದಲ್ಲಿ ನಿಲ್ಲಿಸಿ, ವೇಗ ತಗ್ಗಿಸಿ, ಮತ್ತೆ ಮತ್ತೆ ನೋಡಬಹುದು. 2020ರಲ್ಲಿ ಲಾಕ್‌ಡೌನಿನಿಂದ ತರಗತಿಗಳು ಮುಚ್ಚಿದ್ದಾಗ ಕಟಾ ಸ್ಪರ್ಧೆಗಳು ಸಹ ವಿಡಿಯೊ ಮೂಲಕವೇ ನಡೆದವು. ಕಲಿತದ್ದನ್ನು ಮನೆಯಲ್ಲಿ ಮೆಲುಕು ಹಾಕುವುದಕ್ಕೆ ವಿಡಿಯೊ ಬಹಳ ಒಳ್ಳೆಯ ಸಾಧನ.

ಆದರೆ ವಿಡಿಯೊ ನಮಗೆ ತೋರಿಸುತ್ತದೆಯೇ ಹೊರತು ನಮ್ಮನ್ನು ನೋಡುವುದಿಲ್ಲ. ಮವಾಶಿ ಗೆರಿ ಎಂಬ ಒದೆತವನ್ನೇ ತೆಗೆದುಕೊಳ್ಳೋಣ. ಪಕ್ಕದಿಂದ ಸುತ್ತಿಕೊಂಡು ಬಂದು ಎದುರಾಳಿಯ ಪಕ್ಕೆಗೋ ತಲೆಗೋ ತಗಲುವ ಈ ಒದೆತವನ್ನು ನೋಡುವಾಗ ನಮ್ಮ ಕಣ್ಣು ಸಹಜವಾಗಿಯೇ ಮೇಲೆದ್ದ ಕಾಲನ್ನು ಹಿಂಬಾಲಿಸುತ್ತದೆ. ಒದೆತದ ಜೀವವಾದರೋ ನೆಲದ ಮೇಲಿರುವ ಕಾಲಿನಲ್ಲಿದೆ. ಸೊಂಟ ತಿರುಗುತ್ತಿದ್ದಂತೆ ಆ ಪಾದವೂ ಹಿಮ್ಮಡಿ ಎದುರಾಳಿಯ ಕಡೆಗೆ ಬರುವಂತೆ ತಿರುಗಬೇಕು. ಪಾದ ನೆಲಕ್ಕೆ ಅಂಟಿಕೊಂಡು ಮೇಲಿನ ದೇಹ ಮಾತ್ರ ತಿರುಗಿದರೆ ಆ ತಿರುಚಾಟವೆಲ್ಲ ಮಂಡಿಯ ಮೇಲೆ ಬೀಳುತ್ತದೆ. ಮೊದಲ ಕೆಲವು ದಿನ ಏನೂ ಅನಿಸುವುದಿಲ್ಲ, ನೋವು ಕಾಣಿಸಿಕೊಳ್ಳುವ ಹೊತ್ತಿಗೆ ತಪ್ಪು ಮೈಗೂಡಿಬಿಟ್ಟಿರುತ್ತದೆ. ಎದುರಿಗೆ ನಿಂತ ಗುರುವಿಗೆ ಅದು ಮೊದಲನೆಯ ಒದೆತದಲ್ಲೇ ಕಾಣುತ್ತದೆ. ಗುದ್ದಿನ ಮಾತೂ ಇಷ್ಟೇ. ತೋರುಬೆರಳು ಮತ್ತು ನಡುಬೆರಳಿನ ಗೆಣ್ಣುಗಳು ತಗಲಬೇಕಾದಲ್ಲಿ ಕಿರುಬೆರಳಿನ ಗೆಣ್ಣು ತಗುಲಿದರೆ ಅಂಗೈಯ ಮೂಳೆ ಮುರಿಯುವುದುಂಟು. ಗಾಳಿಗೆ ಗುದ್ದುತ್ತಿರುವವರೆಗೆ ಈ ದೋಷ ಗೊತ್ತೇ ಆಗುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆಯೆಂದರೆ ವಿಡಿಯೊದಲ್ಲಿ ನಮ್ಮನ್ನು ಎದುರಿಸುವವರು ಯಾರೂ ಇಲ್ಲದಿರುವುದು. ಹೆಣ್ಣುಮಕ್ಕಳ ಆತ್ಮರಕ್ಷಣೆಯೆಂದು ಬರುವ ಎಷ್ಟೋ ವಿಡಿಯೊಗಳಲ್ಲಿ ಕೈ ಹಿಡಿದವನು ಹಿಡಿದ ಹಾಗೆಯೇ ನಿಂತು, ಬಿಡಿಸಿಕೊಳ್ಳುವವರಿಗೆ ಸಹಕರಿಸುತ್ತಿರುತ್ತಾನೆ. ಹಿಡಿದವನ ಹೆಬ್ಬೆರಳಿನ ಕಡೆಗೆ ಕೈ ತಿರುಗಿಸಿ ಎಳೆದುಕೊಳ್ಳಬೇಕೆಂಬ ಸೂತ್ರ ಸರಿಯಾದದ್ದೇ. ಆದರೆ ಬಲವಾದ ಕೈಯೊಂದು ನಿಜವಾಗಿ ಬಿಗಿಹಿಡಿದು ತನ್ನತ್ತ ಎಳೆಯತೊಡಗಿದಾಗ, ಉಸಿರು ಕಟ್ಟಿ ಕಾಲು ತಡವರಿಸುವಾಗ, ಆ ಸೂತ್ರ ನೆನಪಿಗೆ ಬರಬೇಕಾದರೆ ಅಂಥ ಹಿಡಿತವನ್ನು ಹಲವರ ಕೈಯಲ್ಲಿ ಮೊದಲೇ ಅನುಭವಿಸಿರಬೇಕು. ಸಮಗ್ರ ಶಿಕ್ಷಾ ಯೋಜನೆಯಡಿ ಸರ್ಕಾರಿ ಶಾಲೆಗಳಲ್ಲಿ 6ರಿಂದ 12ನೆಯ ತರಗತಿಯ ಹುಡುಗಿಯರಿಗೆ 3 ತಿಂಗಳ ಆತ್ಮರಕ್ಷಣಾ ತರಬೇತಿಯಿದೆ. ಆ ಅವಧಿ ಚಿಕ್ಕದೆಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ಆದರೂ ಜೊತೆಗಾರ್ತಿಯ ಕೈಹಿಡಿತದಿಂದ ಬಿಡಿಸಿಕೊಂಡು ಕಲಿಯುವ ಆ 3 ತಿಂಗಳನ್ನು ದಯವಿಟ್ಟು ತಪ್ಪಿಸಬೇಡಿ.

1882ರಲ್ಲಿ ಕಾನೊ ಜಿಗೊರೊ ಅವರು ಸ್ಥಾಪಿಸಿದ ಜೂಡೊ ಪದ್ಧತಿಯಲ್ಲಿ ಎತ್ತಿಹಾಕುವ ಪಟ್ಟುಗಳಿಗೆ ಮುನ್ನ ಬೀಳುವುದನ್ನು ಕಲಿಸುತ್ತಾರೆ. ಗದ್ದವನ್ನು ಎದೆಗೆ ಒತ್ತಿಕೊಂಡು, ಸೊಂಟದ ಪಟ್ಟಿಯ ಗಂಟನ್ನು ನೋಡುತ್ತ, ತಲೆ ನೆಲಕ್ಕೆ ತಾಗದಂತೆ ಬೆನ್ನಿನ ಮೇಲೆ ಬಿದ್ದು, ಚಾಚಿದ ಕೈಯಿಂದ ಚಾಪೆಯನ್ನು ಬಡಿಯಬೇಕು. ನಮ್ಮ ಗರಡಿಮನೆಗಳಲ್ಲಿ ಮಟ್ಟಿಯ ಕೆಮ್ಮಣ್ಣನ್ನು ಅಗೆದು ಮೆದುಗೊಳಿಸುವುದರ ಹಿಂದೆಯೂ ಬೀಳುವವರ ಮೇಲಿನ ಕಾಳಜಿಯೇ ಇದೆ. ಕತ್ತು ಅಮುಕುವ ಪಟ್ಟುಗಳು ಇನ್ನೂ ಅಪಾಯಕರ. ಮೆದುಳಿಗೆ ಹೋಗುವ ರಕ್ತ ನಿಂತರೆ ಸುಮಾರು 10 ಸೆಕೆಂಡುಗಳಲ್ಲೇ ಪ್ರಜ್ಞೆ ತಪ್ಪಬಹುದು. ಆದ್ದರಿಂದಲೇ ತರಗತಿಯಲ್ಲಿ ಜೊತೆಗಾರ ಕೈಯಿಂದ ತಟ್ಟಿದ ಕೂಡಲೇ ಹಿಡಿತ ಬಿಡಬೇಕೆಂಬ ನಿಯಮವಿದೆ, ಅದನ್ನು ಪಾಲಿಸುವಂತೆ ಪಕ್ಕದಲ್ಲೇ ನಿಂತು ನೋಡಿಕೊಳ್ಳುವವರೂ ಇರುತ್ತಾರೆ. ಅಣ್ಣ ತಮ್ಮಂದಿರು ಮೊಬೈಲ್ ನೋಡಿಕೊಂಡು ಮನೆಯ ಮಂಚದ ಮೇಲೆ ಇದನ್ನು ಪ್ರಯೋಗಿಸಿದರೆ ತಡೆಯುವವರು ಯಾರು?

ಹಾಗೆಂದು ತರಗತಿಗಳೆಲ್ಲ ಒಳ್ಳೆಯವೆಂದು ನಾನು ಹೇಳಲಾರೆ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎಣಿಕೆ ಕೂಗಿ, ಕೆಲವು ತಿಂಗಳಿಗೊಮ್ಮೆ ಪರೀಕ್ಷಾ ಶುಲ್ಕ ವಸೂಲು ಮಾಡಿ ಹೊಸ ಬಣ್ಣದ ಬೆಲ್ಟ್ ಕೊಡುವುದಷ್ಟೇ ಕಲಿಸುವಿಕೆಯಾದರೆ ಅದಕ್ಕಿಂತ ಒಳ್ಳೆಯ ವಿಡಿಯೊವೇ ಮೇಲು. ಸೇರಿಸುವ ಮುನ್ನ ಒಂದು ಸಂಜೆ ಪೂರ್ತಿ ಕುಳಿತು ನೋಡಿ. ಹಿಂದಿನ ಸಾಲಿನ ಮಗುವಿನ ತಪ್ಪನ್ನು ಯಾರಾದರೂ ತಿದ್ದುತ್ತಾರೆಯೇ, ಹುಡುಗಿಯರ ಮೈಮುಟ್ಟಿ ತಿದ್ದುವ ಮುನ್ನ ಅವರನ್ನು ಕೇಳುತ್ತಾರೆಯೇ, ಪೆಟ್ಟಾದ ಮಗುವನ್ನು ಕೂರಿಸಿ ವಿಚಾರಿಸುತ್ತಾರೆಯೇ ಎಂಬುದನ್ನು ಗಮನಿಸಿ. ಪೋಷಕರು ಕುಳಿತು ನೋಡುವುದಕ್ಕೆ ಒಪ್ಪದ ತರಗತಿಗೆ ಮಗುವನ್ನು ಕಳುಹಿಸಲೇಬೇಡಿ.

ಹತ್ತಿರದಲ್ಲಿ ತರಗತಿಯೇ ಇಲ್ಲದ ಊರಿನವರು ವಿಡಿಯೊ ನೋಡಿ ನಿಲುವುಗಳನ್ನು, ಮೈ ಸಡಿಲಿಸುವ ವ್ಯಾಯಾಮಗಳನ್ನು ಮತ್ತು ನಿಧಾನವಾದ ಕಟಾಗಳನ್ನು ಧೈರ್ಯವಾಗಿ ಅಭ್ಯಾಸ ಮಾಡಬಹುದು. ಮುಂದಿನಿಂದ ಒಮ್ಮೆ, ಪಕ್ಕದಿಂದ ಒಮ್ಮೆ ನಿಮ್ಮದೇ ವಿಡಿಯೊ ತೆಗೆದಿಟ್ಟುಕೊಂಡು, ತಾಲ್ಲೂಕು ಕೇಂದ್ರಕ್ಕೋ ತುಮಕೂರಿಗೋ ಬಂದಾಗ ಬಲ್ಲವರಿಗೆ ತೋರಿಸಿ. ಎತ್ತಿಹಾಕುವ ಮತ್ತು ಕತ್ತು ಅಮುಕುವ ಪಟ್ಟುಗಳನ್ನು ಮಾತ್ರ, ಗುರು ಸಿಗುವವರೆಗೆ, ಮುಟ್ಟಲು ಹೋಗಬೇಡಿ. ನಮಸ್ಕಾರ.