ಚೆಂದ ಇದೆಯಾ ಅಂತಲ್ಲ, ಒಳಗೆ ಬಿಡ್ತಾರಾ ಅಂತ ಕೇಳಿ

ನಮಸ್ಕಾರ, ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡಬೇಕಿತ್ತು. ಸ್ಕ್ರಿಪ್ಟೂ ರೆಡಿ ಇತ್ತು. ಆದ್ರೆ ಬೆಳಿಗ್ಗೆ ಕಾಫಿ ಲೋಟ ಹಿಡ್ಕೊಂಡು ಕಾಮೆಂಟ್ ಓದಕ್ಕೆ ಕೂತೆ ನೋಡಿ, ಅಲ್ಲಿಗೆ ಮುಗೀತು.

ಹೋದ ವಾರ ಎಡಿನ್‌ಬರೋ ವಿಡಿಯೊ ಹಾಕಿದ್ನಲ್ಲ, ಅಪ್ಪ ಅಮ್ಮನ್ನ ಕರ್ಕೊಂಡು ಹೋಗಿದ್ದು? ನೋಡಿಲ್ಲ ಅಂದ್ರೆ ಇದನ್ನ ಇಲ್ಲೇ ನಿಲ್ಸಿ ನೋಡ್ಕೊಂಡು ಬನ್ನಿ, ನಾನೇನೂ ಎಲ್ಲೂ ಹೋಗಲ್ಲ. ಅದ್ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟ್ ಕಟ್ಟಡ ನಾಲ್ಕು ನಿಮಿಷ ತೋರ್ಸಿದ್ದೆ. ಅದಕ್ಕೆ ಒಬ್ಬರು ಬರ್ದಿದಾರೆ: "ಬ್ರೋ, ಸಾರುವೆ ಬಿಚ್ಚೋದೇ ಮರ್ತಿರೋ ಈ ಕಟ್ಟಡ ನೋಡಕ್ಕೆ ಅಷ್ಟು ದೂರ ಹೋದ್ರಾ? ಕ್ಯಾಸಲ್ ತೋರ್ಸಿ."

ಕ್ಯಾಸಲ್ ಅಂದ್ರೆ ಅಲ್ಲಿನ ಹಳೇ ಕೋಟೆ. ಜೋಕ್ ಚೆನ್ನಾಗಿದೆ, ಒಪ್ಪಿದೆ. ಕಿಟಕಿಗಳ ಮುಂದೆ ಓಕ್ ಮರದ ಗಳು ನಿಲ್ಲಿಸಿದಾರೆ, ದೂರದಿಂದ ಸಾರುವೆ ಥರಾನೇ ಕಾಣತ್ತೆ. ನಮ್ಮಮ್ಮ ಸಾಗರದ ಕಡೆಯೋರು, ಅವರು ನೋಡಿದ ತಕ್ಷಣ ಕೇಳಿದ್ದು, "ಅಡಿಕೆ ದಬ್ಬೆ ಕಟ್ಟಿದಾರಲ್ಲೋ, ಇಲ್ಲೂ ಮಂಗನ ಕಾಟ ಇದ್ಯಾ?" ಹೊರಗಡೆ ಗೋಡೆ ಮೇಲೆ ಕಪ್ಪು ಕಲ್ಲಿನ ವಿಚಿತ್ರ ಆಕಾರಗಳಿವೆ. ಹೇರ್ ಡ್ರೈಯರ್ ಅಂತಾರೆ ಕೆಲವರು, ಕಮ್ಮಾರನ ಅಡಿಗಲ್ಲು ಅಂತಾರೆ ಕೆಲವರು. ಅಪ್ಪ ಅಂದ್ರು, ಈಳಿಗೆಮಣೆ. ಸೊ, ನಗೋದಾದ್ರೆ ನಗಿ. ನನ್ನ ತಕರಾರು ಅದಲ್ಲ. ರಸ್ತೆ ಆಚೆ ನಿಂತು ಒಂದು ಫೋಟೋ ಹೊಡ್ದು, "ದರಿದ್ರವಾಗಿದೆ" ಅಂತ ತೀರ್ಪು ಕೊಟ್ಟು ಹೋಗ್ತೀರಲ್ಲ, ಅದು ನನ್ನ ತಕರಾರು. ಸರ್ಕಾರದ ಕಟ್ಟಡ ನೋಡೋವಾಗ ಕೇಳೋ ಪ್ರಶ್ನೆ ಒಂದೇ. ಒಳಗೆ ಬಿಡ್ತಾರಾ?

ಬಿಡ್ತಾರೆ ಸ್ವಾಮಿ. ಪುಕ್ಕಟೆ.

ಅಮ್ಮನ ವ್ಯಾನಿಟಿ ಬ್ಯಾಗಲ್ಲಿ ಚಕ್ಕುಲಿ ಡಬ್ಬಿ ಇತ್ತು. ಎಕ್ಸ್‌ರೇ ಪರದೆ ಮೇಲೆ ಸುರುಳಿ ಸುರುಳಿಯಾಗಿ ಏನೋ ಬಂತು. ಸೆಕ್ಯುರಿಟಿಯವರು ಮುಚ್ಚಳ ತೆಗೆದು ನೋಡಿ, ನಕ್ಕು, ವಾಪಸ್ ಕೊಟ್ರು. ಅಷ್ಟೇ. "ಯಾರನ್ನ ನೋಡಬೇಕು, ಏನು ಕೆಲಸ, ಯಾರು ಕಳ್ಸಿದ್ದು" ಒಂದೂ ಇಲ್ಲ. ಕಾಂಕ್ರೀಟಿನ ತಗ್ಗು ಸೂರಿನ ಹಾಲ್ ದಾಟಿ ಮೆಟ್ಟಿಲು ಹತ್ತಿದ್ರೆ ಗ್ಯಾಲರಿ. ಕೂತ್ವಿ. ಕೆಳಗೆ 129 ಸದಸ್ಯರ ಸದನ, ಅರ್ಧಚಂದ್ರ ಥರ ಸೀಟು. ಲಂಡನ್ ಪಾರ್ಲಿಮೆಂಟಲ್ಲಿ ಇರ್ತಾವಲ್ಲ ಎದುರುಬದುರು ಬೆಂಚು, ಹಾಗಿರಬಾರದು ಅಂತಾನೇ ಹೀಗೆ ಮಾಡಿದ್ದು. ತಲೆ ಮೇಲೆ ಓಕ್ ತೊಲೆಗಳು ಒಂದಕ್ಕೊಂದು ಹೆಣ್ಕೊಂಡಿರೋ ಮಾಡು.

ಕೆಳಗೆ ಯಾರೋ ಎದ್ದು ನಿಂತು ದ್ವೀಪಗಳಿಗೆ ಹೋಗೋ ಫೆರ್ರಿ ಸರಿ ಇಲ್ಲ, ಜನಕ್ಕೆ ತೊಂದ್ರೆ ಅಂತ ಮಾತಾಡ್ತಿದ್ರು. ಅಪ್ಪಂಗೆ ಅರ್ಧ ಇಂಗ್ಲಿಷ್ ಅರ್ಥ ಆಗ್ತಿರ್ಲಿಲ್ಲ, ಆ ಸ್ಕಾಟಿಷ್ ಧಾಟಿ ನನಗೂ ಆಗ್ತಿರ್ಲಿಲ್ಲ ಬಿಡಿ. ಫೆರ್ರಿ ಅಂದಿದ್ದು ಮಾತ್ರ ಕಿವಿಗೆ ಬಿತ್ತು. ನನ್ನ ಕಡೆ ಬಗ್ಗಿ, "ಓ, ನಮ್ಮ ಸಿಗಂದೂರು ಲಾಂಚಿನ ಗಲಾಟೆ!" ಅಂದ್ರು. ಈಗ ಅಲ್ಲಿ ಸೇತುವೆ ಆಗಿದೆ, ಆದ್ರೂ. ಇಡೀ ಟ್ರಿಪ್ಪಲ್ಲಿ ಅಪ್ಪ ಅಷ್ಟು ಖುಷಿಯಾಗಿದ್ದು ನಾನು ನೋಡಿಲ್ಲ. ಕ್ಯಾಸಲ್ಲಲ್ಲಿ? ಮಂಡಿನೋವು ಅಂತ ಒಂದು ಕಲ್ಲಿನ ಮೇಲೆ ಕೂತಿದ್ರು.

ಈಗ ದುಡ್ಡಿನ ವೀರರು ಬರ್ತಾರೆ. "ಆ ಕಟ್ಟಡಕ್ಕೆ ಎಷ್ಟು ಸುರಿದ್ರು ಗೊತ್ತಾ?" ಗೊತ್ತು ಗುರೂ. 1997ರಲ್ಲಿ ಒಂದರಿಂದ ನಾಲ್ಕು ಕೋಟಿ ಪೌಂಡ್ ಅಂದಿದ್ರು. ಮುಗಿಯೋ ಹೊತ್ತಿಗೆ 41 ಕೋಟಿ 40 ಲಕ್ಷ ಪೌಂಡ್. ಮೂರು ವರ್ಷ ತಡ. ತನಿಖೆ ಬೇರೆ ಆಯ್ತು. ನಕ್ಷೆ ಮಾಡಿದ ಬಾರ್ಸಿಲೋನಾದ ಎನ್ರಿಕ್ ಮಿರಾಲೆಸ್ (ಉಚ್ಚಾರ ತಪ್ಪಾಗಿದ್ರೆ ಕಾಮೆಂಟಲ್ಲಿ ಬೈರಿ, ಅದೂ ಎಂಗೇಜ್‌ಮೆಂಟೇ) 2000ದ ಜುಲೈನಲ್ಲಿ ತೀರ್ಕೊಂಡ್ರು, 45 ವರ್ಷ ಅಷ್ಟೇ. ಇದನ್ನ ಕಟ್ಟಲೇಬೇಕು ಅಂತ ಹಠ ಹಿಡಿದಿದ್ದ ಅಲ್ಲಿನ ಮೊದಲ ಫಸ್ಟ್ ಮಿನಿಸ್ಟರ್, ಅಂದ್ರೆ ನಮ್ಮ ಮುಖ್ಯಮಂತ್ರಿ ಥರ, ಡೊನಾಲ್ಡ್ ಡ್ಯೂವರ್ ಅದೇ ಅಕ್ಟೋಬರಲ್ಲಿ ಹೋದ್ರು. ಕಟ್ಟಡ ಮುಗಿದಿದ್ದನ್ನ ಇಬ್ರೂ ನೋಡ್ಲಿಲ್ಲ. 2004ರಲ್ಲಿ ರಾಣಿ ಬಂದು ಉದ್ಘಾಟನೆ ಮಾಡಿದ್ರು. ಮರುವರ್ಷ ವಾಸ್ತುಶಿಲ್ಪಕ್ಕೆ ಕೊಡೋ ಸ್ಟರ್ಲಿಂಗ್ ಪ್ರಶಸ್ತಿ ಬಂತು. ಅದರ ಮರುವರ್ಷ ಸದನದ ಮಾಡಿನ ಒಂದು ತೊಲೆ ಕಳಚಿ ನೇತಾಡ್ತು! ಪಾಪ, ಎಲ್ರೂ ಗಂಟುಮೂಟೆ ಕಟ್ಕೊಂಡು ಕೆಲವು ವಾರ ಬೇರೆ ಕಡೆ ಸಭೆ ಮಾಡ್ಬೇಕಾಯ್ತು.

ಹೂಂ, ಎಲ್ಲಾ ನಿಜ. ಅದಕ್ಕೇನೀಗ? ದುಡ್ಡು ಜಾಸ್ತಿ ಆಗದೆ, ತಡ ಆಗದೆ ಕಟ್ಟಿದ ಸರ್ಕಾರಿ ಕಟ್ಟಡ ಒಂದು ತೋರ್ಸಿ, ನಿಮ್ಮ ಮನೆಗೇ ಬಂದು ಚಕ್ಕುಲಿ ಕೊಟ್ಟು ಹೋಗ್ತೀನಿ. ನಮ್ಮ ವಿಧಾನಸೌಧಕ್ಕೆ 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದ್ದು, ಮುಗಿದಿದ್ದು 1956ರಲ್ಲಿ. ದುಂದು ಅಂತ ಕೆಂಗಲ್ ಹನುಮಂತಯ್ಯನವರನ್ನ ಬೈದೋರು ಕಮ್ಮಿ ಇದ್ರಾ? ಈಗ ಅದೇ ಕಟ್ಟಡದ ಮುಂದೆ ನಿಂತು ಹನಿಮೂನ್ ಜೋಡಿಗಳು ಸೆಲ್ಫಿ ತಗೋತವೆ. ದುಡ್ಡಿನ ಲೆಕ್ಕ ಜನ ಮರೀತಾರೆ. ಬಾಗಿಲಲ್ಲಿ ತಡೆದು ನಿಲ್ಸಿದ್ದನ್ನ ಮರೆಯಲ್ಲ.

ನಾನಂತೂ ಮರೆತಿಲ್ಲ. ಒಂದು ದೊಡ್ಡ ಸರ್ಕಾರಿ ಕಟ್ಟಡ, ಯಾವೂರು ಯಾವುದು ಬೇಡ, ಅಪ್ಪನ ಪೆನ್ಷನ್ ಕಾಗದ ಹಿಡ್ಕೊಂಡು ಗೇಟಲ್ಲಿ ಎರಡೂವರೆ ಗಂಟೆ ನಿಂತಿದ್ವಿ. ಪಾಸ್ ಬೇಕು ಅಂದ್ರು. ಪಾಸ್ ಎಲ್ಲಿ ಕೊಡ್ತಾರೆ ಅಂದ್ರೆ, ಒಳಗೆ ಅಂದ್ರು. ಕಟ್ಟಡ ಏನ್ ಚೆಂದ ಅಂತೀರಾ! ಎರಡೂವರೆ ಗಂಟೆ ನೋಡಿದೀನಿ, ಕಂಬ ಎಷ್ಟಿದಾವೆ ಅಂತ ಈಗ್ಲೂ ಹೇಳ್ತೀನಿ.

ಚೆಂದ ತಗೊಂಡು ಏನ್ ಮಾಡ್ಲಿ ನಾನು? ಒಳಗೆ ಬಿಡ್ತಾರಾ ಹೇಳಿ!

ಇನ್ನೊಬ್ಬ ಮಹಾನುಭಾವರು ತಿದ್ದಿದಾರೆ. "ಸರ್, ಅದು ಪಾರ್ಲಿಮೆಂಟು. ಸ್ಕಾಟ್ಲೆಂಡ್ ಸರ್ಕಾರದ ಮುಖ್ಯ ಕಚೇರಿ ಸೇಂಟ್ ಆಂಡ್ರ್ಯೂಸ್ ಹೌಸ್." ಬನ್ನಿ ಮೇಷ್ಟ್ರೇ, ಕೂತ್ಕೊಳಿ. ಹೌದು, ಕಾಲ್ಟನ್ ಗುಡ್ಡದ ಬುಡದಲ್ಲಿದೆ, ಹಳೇ ಜೈಲಿದ್ದ ಜಾಗ, 1939ರಲ್ಲಿ ಶುರುವಾದ ಗಂಭೀರವಾದ ಕಲ್ಲಿನ ಕಟ್ಟಡ. ನಾವೂ ಅದರ ಮುಂದೆ ಬಸ್ಸಲ್ಲಿ ಹೋದ್ವಿ. ಅಮ್ಮ "ಏನದು?" ಅಂದ್ರು. "ಆಫೀಸು" ಅಂದೆ. "ಹೂಂ" ಅಂದ್ರು. ಮುಗೀತು! ದಾರೀಲಿ ಹೋಗೋರು ಸುಮ್ನೆ ಒಳಗೆ ಹೋಗೋ ಹಾಗಿಲ್ಲ, ಅದಕ್ಕೇ ಅದರ ಬಗ್ಗೆ ಯಾರೂ ಜಗಳ ಆಡಲ್ಲ. ನನ್ನ ಮಾತಿಗೆ ನೀವೇ ಸಾಕ್ಷಿ ತಂದ್ಕೊಟ್ರಿ, ಥ್ಯಾಂಕ್ಸ್.

"ಅಲ್ಲಿ ಐವತ್ತೈದು ಲಕ್ಷ ಜನ, ನಮ್ಮಲ್ಲಿ ಆರೇಳು ಕೋಟಿ, ಎಲ್ರನ್ನೂ ಬಿಡಕ್ಕಾಗತ್ತಾ?" ಅಂತಾನೂ ಬಂದಿದೆ. ಯಪ್ಪಾ. ಆರು ಕೋಟಿ ಜನ ಒಂದೇ ಮಂಗಳವಾರ ಬರ್ತಾರಾ? ತಿರುಪತೀಲಿ ದಿನಾ ಎಷ್ಟು ಜನ ಒಳಗೆ ಹೋಗಿ ಬರ್ತಾರೆ? ವಿಧಾನಸೌಧದಲ್ಲೇ 2025ರಲ್ಲಿ ಟಿಕೆಟ್ ಇಟ್ಟು ಗೈಡ್ ಜೊತೆ ತೋರ್ಸಕ್ಕೆ ಶುರು ಮಾಡಿದ್ರು, ಕಟ್ಟಡ ಏನು ಬಿದ್ದೋಯ್ತಾ? ಬಾಗಿಲ ಮೇಲೆ "ಸರ್ಕಾರದ ಕೆಲಸ ದೇವರ ಕೆಲಸ" ಅಂತ ಬರ್ದಿದೀವಿ. ದೇವಸ್ಥಾನ ಅಂದ್ಮೇಲೆ ದರ್ಶನ ಬೇಡ್ವಾ?

ಅಯ್ಯೋ, ಇದು ಚೆನ್ನಾಗಿ ಬಂತು. ಇದನ್ನ ಶಾರ್ಟ್ಸ್‌ಗೆ ಕಟ್ ಮಾಡ್ಬೇಕು. ಎಡಿಟರ್, ಕೇಳಿಸ್ತಾ? ಎಡಿಟರೂ ನಾನೇ.

ಎಲ್ಲಿದ್ದೆ? ಹಾಂ, ಇನ್ನೊಂದು ಪಾಯಿಂಟ್ ಬರ್ಕೊಂಡಿದ್ದೆ... "ಎದುರಿಗೆ ಅರಮನೆ" ಅಂತ ಇದೆ. ಹೌದು, ಎದುರಿಗೇ ಹೋಲಿರೂಡ್ ಅರಮನೆ, ಹಿಂದೆ ಆರ್ಥರ್ಸ್ ಸೀಟ್ ಗುಡ್ಡ. ಇದನ್ನ ಯಾಕೆ ಬರ್ಕೊಂಡೆ ನೆನಪಿಲ್ಲ. ಅರಮನೆಗೆ ಟಿಕೆಟ್, ಪಾರ್ಲಿಮೆಂಟಿಗೆ ಟಿಕೆಟ್ ದುಡ್ಡಿಲ್ಲ, ಅದಿರ್ಬೇಕು. ಅದೇ. ಒಳಗೆ ಬಿಡ್ತಾರೆ! ಇನ್ನೆಷ್ಟು ಸಲ ಹೇಳ್ಲಿ? "ಒಳಗೆ ಬಿಡ್ತಾರಾ?" ಅಂತ ಕಾಫಿ ಮಗ್ ಮೇಲೇ ಪ್ರಿಂಟ್ ಹಾಕ್ಸಿಬಿಡ್ತೀನಿ. ಬೇಕಾದೋರು ಕಾಮೆಂಟಲ್ಲಿ "ಮಗ್" ಅಂತ ಟೈಪ್ ಮಾಡಿ. ಐವತ್ತು ಜನ ಆದ್ರೆ ಆರ್ಡರ್ ಕೊಡ್ತೀನಿ. ಇಲ್ಲ ಅಂದ್ರೆ ಅಮ್ಮಂಗೊಂದು, ಅಪ್ಪಂಗೊಂದು, ಸಾರುವೆ ಬ್ರೋಗೊಂದು.

ಲೈಕ್ ಒತ್ತಿ, ಬೆಲ್ ಒತ್ತಿ. ಕ್ಯಾಸಲ್ ಎಪಿಸೋಡ್ ಮುಂದಿನ ವಾರ ಬರತ್ತೆ. ಮೂರು ಟಿಕೆಟ್ಟಿಗೆ ದುಡ್ಡು ಕೊಟ್ಟಿದೀನಿ, ಹಾಕ್ದೆ ಬಿಡ್ತೀನಾ?