ಊರ ಹೆಸರು ಕೇಳಿದ್ರೆ ಒಲೆ, ಮಡಕೆ ಅಂದ್ಲಂತೆ

ಎಲ್ಲರಿಗೂ ನಮಸ್ಕಾರ. ಐಆರ್ 64 ಅನ್ನೋ ಭತ್ತದ ಹೆಸರು ಕೇಳದೇ ಇರೋ ರೈತರು ನಮ್ಮ ಕಡೆ ಕಮ್ಮಿ, ಸ್ವಲ್ಪ ವಯಸ್ಸಾದವರಿಗಂತೂ ಅದಕ್ಕೂ ಮುಂಚೆ 1966ರಲ್ಲಿ ಬಂದ ಐಆರ್ 8 ಕೂಡ ನೆನಪಿರುತ್ತೆ. ಆ ಐಆರ್ ಅನ್ನೋ ಎರಡಕ್ಷರ ಬಂದಿದ್ದು ಫಿಲಿಪೀನ್ಸ್ ದೇಶದ ಲಾಸ್ ಬಾನ್ಯೋಸ್ ಅನ್ನೋ ಊರಲ್ಲಿರೋ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಿಂದ. ನಮ್ಮ ಎಂ.ಎಸ್. ಸ್ವಾಮಿನಾಥನ್ ಅವರು 1982ರಿಂದ 88ರವರೆಗೆ ಅದರ ಮುಖ್ಯಸ್ಥರಾಗಿದ್ರು. ಈಗ ಆ ಊರಿನ ಹೆಸರು ನೋಡಿ. ಲಾಸ್ ಬಾನ್ಯೋಸ್ ಅಂದ್ರೆ ಸ್ಪ್ಯಾನಿಷ್‌ನಲ್ಲಿ ಸ್ನಾನದ ಜಾಗಗಳು. ಮಾಕಿಲಿಂಗ್ ಬೆಟ್ಟದ ಬುಡದಲ್ಲಿ ಬಿಸಿನೀರಿನ ಬುಗ್ಗೆ ಇದಾವೆ, ಸ್ಪೇನಿನ ಪಾದ್ರಿಗಳು ಬಂದು ಅಲ್ಲಿ ಸ್ನಾನದ ಮನೆ, ಆಸ್ಪತ್ರೆ ಕಟ್ಟಿ ಊರಿಗೂ ಅದೇ ಹೆಸರು ಇಟ್ರು. ಅದಕ್ಕೂ ಮುಂಚೆ ಅಲ್ಲಿನ ಜನ ಆ ಜಾಗಕ್ಕೆ ಮಾಯಿನಿತ್ ಅಂತಿದ್ರು, ಅಂದ್ರೆ ಬಿಸಿ, ಅಷ್ಟೇ.

ಪಕ್ಕದಲ್ಲೇ ಒಂದು ದೊಡ್ಡ ಸರೋವರ ಇದೆ, ಲಗೂನಾ ದೆ ಬಾಯ್. ಮ್ಯಾಪ್‌ನಲ್ಲಿ ಇಂಗ್ಲಿಷ್ ಅಕ್ಷರ ನೋಡಿದವರು ಅದನ್ನ ಬೇ ಅಂತ ಓದ್ಕೊಂಡು ಇದೇನು ಕೊಲ್ಲಿನಾ ಸರೋವರಾನಾ ಅಂತ ತಲೆ ಕೆಡಿಸ್ಕೋತಾರೆ. ಕೊಲ್ಲಿನೂ ಇಲ್ಲ ಏನೂ ಇಲ್ಲ, ದಡದಲ್ಲಿ ಬಾ-ಇ ಅಂತ ಒಂದು ಹಳೇ ಊರಿದೆ, ಆ ಊರಿನ ಸರೋವರ ಅಂತ ಅರ್ಥ.

ಫಿಲಿಪೀನ್ಸ್‌ನಲ್ಲಿ ಯಾವ ಊರಿಗಾದ್ರೂ ಹೋಗಿ ಈ ಹೆಸರು ಹೆಂಗೆ ಬಂತು ಅಂತ ಕೇಳಿದ್ರೆ ಬಹಳ ಕಡೆ ಸಿಗೋದು ಒಂದೇ ಕಥೆ, ಪಾತ್ರ ಮಾತ್ರ ಬೇರೆ ಬೇರೆ. ಸ್ಪೇನಿನವನು ಬಂದ, ಊರಿನ ಹೆಸರೇನು ಅಂತ ತನ್ನ ಭಾಷೆಲಿ ಕೇಳಿದ, ಊರಿನವನಿಗೆ ಅರ್ಥ ಆಗ್ಲಿಲ್ಲ, ಕೈಯಲ್ಲಿರೋ ಸಾಮಾನಿನ ಹೆಸರು ಕೇಳ್ತಿದಾನೆ ಅಂದ್ಕೊಂಡು ಅದನ್ನ ಹೇಳಿದ, ಸ್ಪೇನಿನವನು ಅದನ್ನೇ ಬರ್ಕೊಂಡು ಹೋದ. ಕಲಾಂಬಾ ಅನ್ನೋ ಊರು, ಅವರ ದೊಡ್ಡ ನಾಯಕ ಹೋಸೆ ರಿಸಾಲ್ 1861ರಲ್ಲಿ ಹುಟ್ಟಿದ ಊರು, ಅಲ್ಲಿ ಒಂದು ಹುಡುಗಿ ಮಣ್ಣಿನ ಒಲೆ, ನೀರಿನ ಮಡಕೆ ಹೊತ್ಕೊಂಡು ಹೋಗ್ತಿದ್ಳಂತೆ, ಸೈನಿಕರು ತಡೆದು ಕೇಳಿದ್ದಕ್ಕೆ ಹೆದರ್ಕೊಂಡು ಕಲಾನ್, ಬಾಂಗಾ ಅಂದ್ಳಂತೆ, ಕಲಾನ್ ಅಂದ್ರೆ ಒಲೆ, ಬಾಂಗಾ ಅಂದ್ರೆ ಮಡಕೆ, ಎರಡೂ ಸೇರಿ ಕಲಾಂಬಾ ಆಯ್ತು. ಊರವರು ಈ ಕಥೆನ ಎಷ್ಟು ಹಚ್ಕೊಂಡಿದಾರೆ ಅಂದ್ರೆ ಊರಿನ ನಡು ಚೌಕದಲ್ಲಿ ಒಂದು ಭಾರೀ ಮಡಕೆ ಕಟ್ಟಿಸಿ ನಿಲ್ಲಿಸಿದಾರೆ. ಉತ್ತರಕ್ಕೆ ಹೋದ್ರೆ ವೀಗನ್, ಕಲ್ಲಿನ ಬೀದಿಗಳ ಹಳೇ ಊರು, 1999ರಿಂದ ಯುನೆಸ್ಕೋ ಪಟ್ಟಿಲಿದೆ, ಅಲ್ಲಿ ನದಿ ದಡದ ಗಿಡ ತೋರಿಸಿ ಬಿಗಾ ಅಂದ್ರಂತೆ. ಪಾಎತೆ ಅಂತ ಮರದ ಕೆತ್ತನೆಗೆ ಹೆಸರಾದ ಊರಲ್ಲಿ ಕೆತ್ತನೆಯವನು ಪಾಎತ್ ಅಂದನಂತೆ, ಅಂದ್ರೆ ಉಳಿ. ಮುಂತಿನ್‌ಲೂಪಾದಲ್ಲಿ ಕೆಲವರು ನೆಲದ ಮೇಲೆ ಕೂತು ಮೋಂತೆ ಅನ್ನೋ ಇಸ್ಪೀಟು ಆಡ್ತಿದ್ರಂತೆ, ಕೇಳಿದ್ದಕ್ಕೆ ಮೋಂತೆ ಸಾ ಲೂಪಾ, ನೆಲದ ಮೇಲೆ ಮೋಂತೆ ಅಂದ್ರಂತೆ. ಅಷ್ಟೇ ಯಾಕೆ, ದೇಶದ ಅತಿ ದೊಡ್ಡ ದ್ವೀಪ ಲೂಝಾನ್, ಅದಕ್ಕೂ ಇದೇ ಕಥೆ, ಅಲ್ಲಿ ಲುಸೊಂಗ್ ಅಂದ್ರೆ ಭತ್ತ ಕುಟ್ಟೋ ಒರಳು.

ಮುಂತಿನ್‌ಲೂಪಾಗೆ ಮುಂತಿಂಗ್ ಲೂಪಾ ಅಂದ್ರೆ ಸಣ್ಣ ನೆಲ ಅನ್ನೋ ಸಾದಾ ಅರ್ಥನೂ ಇದೆ, ಆದ್ರೆ ಇಸ್ಪೀಟಿನ ಮುಂದೆ ಅದನ್ನ ಯಾರು ಕೇಳ್ತಾರೆ ಹೇಳಿ. ನನಗನ್ಸೋದು, ಈ ಕಥೆಗಳು ಇತಿಹಾಸ ಅಂತ ನಂಬೋಕಲ್ಲ, ನಗೋಕೆ. 300 ವರ್ಷಕ್ಕಿಂತ ಜಾಸ್ತಿ ಆಳಿದವನು ಬಂದ ಮೊದಲ ದಿನವೇ ಹೆಸರು ಕೇಳೋಕೂ ಬರದೇ ಪೆದ್ದನಾದ ಅಂತ ಮೊಮ್ಮಕ್ಕಳಿಗೆ ಹೇಳೋದ್ರಲ್ಲಿ ಒಂದು ಸುಖ ಇದೆಯಲ್ಲ, ಅದು. ಒಂದೇ ತೊಂದರೆ ಏನಂದ್ರೆ ಕಥೆ ಕೇಳ್ತಾ ಕೇಳ್ತಾ ಸ್ಪೇನಿನವನು ಬರೋಕೆ ಮುಂಚೆ ಊರಿಗೆ ಹೆಸರೇ ಇರಲಿಲ್ಲವೇನೋ ಅನ್ನೋ ಹಂಗೆ ಆಗ್ಬಿಡುತ್ತೆ.

ಇತ್ತು. ಇದಕ್ಕೆ ಸಾಕ್ಷಿ ಒಂದು ತಾಮ್ರದ ತಗಡು. 1980ರ ದಶಕದ ಕೊನೆಗೆ ಲಗೂನಾ ಪ್ರಾಂತ್ಯದ ಲುಂಬಾನ್ ಹತ್ರ ನದಿಲಿ ಮರಳು ತೆಗೀವಾಗ ಸಿಕ್ಕಿದ್ದು, ನೋಟ್‌ಬುಕ್ಕಿನ ಒಂದು ಹಾಳೆಯಷ್ಟು ದೊಡ್ಡದು, ಸಿಕ್ಕಾಗ ಮಡಚಿ ಮುದುಡಿ ಹೋಗಿತ್ತು. ಈಗ ಮನಿಲಾದ ನ್ಯಾಷನಲ್ ಮ್ಯೂಸಿಯಂನಲ್ಲಿದೆ. ಅದನ್ನ ಓದಿದ್ದು ಆಂಟೂನ್ ಪೋಸ್ತ್‌ಮಾ ಅನ್ನೋ ಡಚ್ ಮೂಲದ ವಿದ್ವಾಂಸರು. ಲಿಪಿ ಜಾವಾ ದ್ವೀಪದ ಕಾವಿ, ಭಾಷೆ ಹಳೇ ಮಲಯ, ಆದ್ರೆ ಶುರುವಾಗೋದು ಹೆಂಗೆ ಗೊತ್ತಾ? ಸ್ವಸ್ತಿ, ಶಕ ವರ್ಷಾತೀತ 822, ವೈಶಾಖ ಮಾಸ, ಚತುರ್ಥಿ, ಕೃಷ್ಣಪಕ್ಷ, ಸೋಮವಾರ. ನಮ್ಮ ಊರ ದೇವಸ್ಥಾನದ ಮುಂದಿನ ಶಾಸನ ಓದಿದಂಗೆ ಇಲ್ವಾ? ನಮ್ಮ ರಾಷ್ಟ್ರಕೂಟರ ಶಾಸನಗಳೂ ಸ್ವಸ್ತಿ ಅಂತ ಶುರುವಾಗಿ ಇದೇ ಶಕ ವರ್ಷ ಹೇಳ್ತವೆ, ಕಾಲನೂ ಅದೇ, ಶಕ 822 ಅಂದ್ರೆ ಕ್ರಿಸ್ತಶಕ 900, ಏಪ್ರಿಲ್ 21. ಒಳಗಿರೋ ವಿಷಯ ರಾಜನ ಯುದ್ಧ ಗಿದ್ಧ ಅಲ್ಲ, ನಮ್ವರನ್ ಅನ್ನೋ ಒಬ್ಬನ ಬಂಗಾರದ ಸಾಲ ಮನ್ನಾ ಆಯ್ತು, ಇನ್ಮುಂದೆ ಅವನ ಮಕ್ಕಳು ಮರಿಗಳನ್ನ ಯಾರೂ ಈ ಸಾಲಕ್ಕೆ ಪೀಡಿಸೋ ಹಾಗಿಲ್ಲ ಅಂತ ಬರೆದುಕೊಟ್ಟ ಪತ್ರ. ಆ ಪತ್ರದಲ್ಲಿ ತುಂಡುನ್ ಅನ್ನೋ ಊರಿನ ಹೆಸರಿದೆ, ಅದೇ ಇವತ್ತಿನ ಮನಿಲಾದ ಒಳಗಿರೋ ತೋಂಡೋ, ಕಿಕ್ಕಿರಿದ ಜನ, ಬಂದರಿನ ಪಕ್ಕದ ಬಡವರ ಬಡಾವಣೆ ಅಂತ ಸಿನಿಮಾಗಳಲ್ಲಿ ಬರುತ್ತಲ್ಲ ಅದು. ಪೈಲಾಹ್ ಅಂತ ಇನ್ನೊಂದು ಹೆಸರಿದೆ, ಅದು ಸರೋವರದ ದಡದ ಪಿಲಾ ಅಂತ ಕೆಲವರು, ಇಲ್ಲ ಬುಲಕಾನ್ ಪ್ರಾಂತ್ಯದ್ದು ಅಂತ ಇನ್ನು ಕೆಲವರು, ಜಗಳ ನಡೀತಾನೇ ಇದೆ. ಸ್ಪೇನಿನ ಪರವಾಗಿ ಹೊರಟ ನಾವಿಕ ಮೆಗೆಲ್ಲನ್ ಆ ದ್ವೀಪಗಳಿಗೆ ಬಂದಿದ್ದು 1521ರಲ್ಲಿ, ಅಂದ್ರೆ ತೋಂಡೋ ಅನ್ನೋ ಹೆಸರು ಅವನಿಗಿಂತ 600 ವರ್ಷ ಹಳೇದು.

ಇನ್ನು ಮನಿಲಾ. ಸ್ಕೂಲಲ್ಲಿ ಮಕ್ಕಳಿಗೆ ಹೇಳ್ಕೊಡ್ತಿದ್ದಿದ್ದು ಮಾಯ್ ನಿಲಾದ್ ಅಂತ, ನಿಲಾದ್ ಅನ್ನೋದು ಉಪ್ಪುನೀರಿನ ದಡದಲ್ಲಿ ಬೆಳೆಯೋ ಬಿಳಿ ಹೂವಿನ ಗಿಡ, ಆ ಗಿಡ ಇರೋ ಜಾಗ ಮಾಯ್‌ನಿಲಾದ್. ಊರಿಗೆ ನೀರು ಕೊಡೋ ಕಂಪನಿ ಹೆಸರೂ ಮಾಯ್‌ನಿಲಾದ್ ಅಂತಲೇ ಇದೆ. ಆದ್ರೆ ಹಳೇ ದಾಖಲೆಗಳಲ್ಲಿ ಕೊನೇ ದ್ ಇಲ್ಲ, ಮನಿಲಾ ಕಡೆಯವರ ತಗಾಲೋಗ್ ಭಾಷೆಲಿ ಪದದ ಕೊನೆಯ ದ್ ಸುಮ್ಮಸುಮ್ಮನೆ ಬಿದ್ದೂ ಹೋಗಲ್ಲ. ಅದಕ್ಕೇ ಈಗಿನ ಇತಿಹಾಸಕಾರರು ಹೇಳೋದು ಮಾಯ್ ನಿಲಾ ಅಂತ, ನಿಲಾ ಅಂದ್ರೆ ನೀಲಿ ಬಣ್ಣ ತೆಗೆಯೋ ಗಿಡ. ಹೌದು, ಸಂಸ್ಕೃತದ ನೀಲ, ನಾವು ನೀಲಿ ಅಂತೀವಲ್ಲ ಅದೇ, ಸಮುದ್ರ ದಾಟಿ ಹೋಗಿದ್ದು. ಹಂಗೇ ದಕ್ಷಿಣದ ಕೋತಬಾತೋ ಅನ್ನೋ ಊರು, ಅಲ್ಲಿಯ ಮುಸ್ಲಿಂ ಜನರ ಮಾತಲ್ಲಿ ಕುತಾ ವಾತೋ, ಕಲ್ಲಿನ ಕೋಟೆ. ಆ ಕುತಾ ನಮ್ಮ ಕೋಟೆಯ ದಾಯಾದಿನೇ, ಮಲಯ ಭಾಷೆ ಮೂಲಕ ಅಲ್ಲಿಗೆ ಹೋಗಿದೆ.

ಜಾಸ್ತಿ ಹೆಸರುಗಳು ನೀರಿಂದ ಹುಟ್ಟಿದವು. ತಗಾಲೋಗ್ ಅಂದ್ರೇ ತಗಾ-ಇಲೋಗ್, ನದಿಯವರು. ಪಂಪಾಂಗಾ ಅಂದ್ರೆ ನದಿ ದಡ. ಈಗ ಕೋಟಿ ಕೋಟಿ ಬೆಲೆಯ ಗಾಜಿನ ಕಟ್ಟಡಗಳು ತುಂಬಿರೋ ಮಕಾತಿ, ಅದು ಕಾತಿ ಅನ್ನೋ ಪದದಿಂದ, ಇಳಿತ, ನೀರು ಇಳಿದು ಹೋಗೋದು. ನವೋತಾಸ್ ಅಂದ್ರೆ ತೂತಾಗಿದ್ದು, ಸಮುದ್ರ ದಡ ಒಡ್ಕೊಂಡು ಒಳಗೆ ನುಗ್ಗಿದ ಜಾಗ ಅಂತ, ಇವತ್ತಿಗೂ ಉಬ್ಬರ ಬಂದಾಗ ಬೀದಿಲಿ ನೀರು ನಿಲ್ಲುತ್ತೆ ಅಲ್ಲಿ. ಕವೀತೆ ಅಂದ್ರೆ ಕಾವಿತ್, ಕೊಕ್ಕೆ, ಮ್ಯಾಪ್ ನೋಡಿದ್ರೆ ನೆಲ ಕೊಕ್ಕೆ ಥರ ಸಮುದ್ರಕ್ಕೆ ಚಾಚಿದೆ. ಝಂಬೊಆಂಗಾ ದೋಣಿ ಕಟ್ಟೋ ಗೂಟದ ಊರು, ಆದ್ರೆ ಟೂರಿಸಂನವರು ಹೂಗಳ ನಗರ ಅಂತ ಬೋರ್ಡ್ ಹಾಕ್ಕೊಂಡಿದಾರೆ, ಗೂಟಕ್ಕಿಂತ ಹೂವಿಗೆ ಜನ ಬರ್ತಾರೆ ಬಿಡಿ. ದುಮಗೆತೆ ಹೆಸರಲ್ಲಿ ಮಾತ್ರ ನಗು ಇಲ್ಲ, ದಾಗಿತ್ ಅಂದ್ರೆ ಎರಗಿ ಕಿತ್ಕೊಂಡು ಹೋಗೋದು, ದಕ್ಷಿಣದಿಂದ ದೋಣಿಗಳಲ್ಲಿ ಬಂದು ಜನರನ್ನ ಗುಲಾಮರಾಗಿ ಹಿಡ್ಕೊಂಡು ಹೋಗ್ತಿದ್ದ ಕಾಲದ್ದು ಅದು, ಅಲ್ಲಿನ ಚರ್ಚಿನ ಗಂಟೆಗೋಪುರ ಕಾವಲಿಗೂ ಬಳಕೆ ಆಗ್ತಿತ್ತು.

ಮರಗಳ ಹೆಸರು ಇನ್ನೊಂದು ರಾಶಿ. ಸಂಪಾಲೋಕ್ ಅಂದ್ರೆ ಹುಣಸೆ. ತಲಿಸಾಯ್ ಅನ್ನೋ ಊರು ದೇಶದ ತುಂಬಾ ಇದಾವೆ, ಅದು ನಾವು ಕಾಡುಬಾದಾಮಿ ಅನ್ನೋ ಮರ. ಇದ್ರಲ್ಲಿ ನನಗೆ ಇಷ್ಟ ಅಂತಿಪೋಲೋ. ತಿಪೋಲೋ ಅನ್ನೋದು ಹಲಸಿನ ಜಾತಿಯ ಮರ. 1626ರಲ್ಲಿ ಮೆಕ್ಸಿಕೋದ ಅಕಾಪುಲ್ಕೋ ಬಂದರಿಂದ ಹಡಗಲ್ಲಿ ಕಪ್ಪು ಮರದ ಮರಿಯಮ್ಮನ ವಿಗ್ರಹ ಒಂದು ಬಂತು. ಅದನ್ನ ಚರ್ಚಿನಲ್ಲಿ ಇಟ್ರೆ ಮತ್ತೆ ಮತ್ತೆ ಮಾಯ ಆಗಿ ತಿಪೋಲೋ ಮರದ ಮೇಲೆ ಸಿಗ್ತಿತ್ತಂತೆ, ಕೊನೆಗೆ ಅಮ್ಮನಿಗೆ ಅಲ್ಲೇ ಇಷ್ಟ ಅಂತ ಮರ ಇದ್ದ ಜಾಗದಲ್ಲೇ ಗುಡಿ ಕಟ್ಟಿದ್ರು ಅಂತ ನಂಬಿಕೆ. ಪೆಸಿಫಿಕ್ ದಾಟೋ ಹಡಗುಗಳ ಜೊತೆ ಆ ವಿಗ್ರಹನೂ ಹಲವು ಸಲ ಹೋಗಿ ಬಂದಿದೆ, ಅದಕ್ಕೇ ಅವಳು ಒಳ್ಳೆ ಪ್ರಯಾಣದ ಅಮ್ಮ. ಇವತ್ತಿಗೂ ದುಬೈಗೋ ಸೌದಿಗೋ ಕೆಲಸಕ್ಕೆ ಹೊರಡೋರು ಹೋಗಿ ಕೈಮುಗಿದು ಬರ್ತಾರೆ, ಹೊಸ ಕಾರು ತಗೊಂಡವರು ಅಲ್ಲಿಗೇ ಹೋಗಿ ಪಾದ್ರಿ ಕೈಲಿ ತೀರ್ಥ ಹಾಕಿಸ್ತಾರೆ.

ಮನಿಲಾದಿಂದ ಅಂತಿಪೋಲೋಗೆ ಹೋಗೋ ದಾರಿಲಿ ಕೈಂತಾ ಅಂತ ಒಂದು ಊರು. ಹೆಸರಿಗೆ ಕಾ ಇಂತಾ ಅನ್ನೋ ಜಿಪುಣಿ ಮುದುಕಿಯ ಕಥೆ ಹೇಳ್ತಾರೆ, ಅದು ಇರ್ಲಿ, ಊರಿನ ನಿಜವಾದ ಕಥೆ ಅದಕ್ಕಿಂತ ಚೆನ್ನಾಗಿದೆ. 1762ರಲ್ಲಿ ಬ್ರಿಟಿಷರು ಸ್ಪೇನ್ ಜೊತೆ ಯುದ್ಧ ಅಂತ ಮದ್ರಾಸಿಂದ ಹಡಗು ತುಂಬ ಸೈನ್ಯ ಹೊರಡಿಸಿದ್ರು, ಅದರಲ್ಲಿ ಕಂಪನಿಯ ಸಿಪಾಯಿಗಳು, ಅಂದ್ರೆ ನಮ್ಮ ದಕ್ಷಿಣ ಭಾರತದ ಹುಡುಗ್ರೂ ಇದ್ರು. ಅಕ್ಟೋಬರ್‌ನಲ್ಲಿ ಮನಿಲಾ ಬಿತ್ತು, 1763ರಲ್ಲಿ ಒಪ್ಪಂದ ಆಗಿ 1764ರಲ್ಲಿ ಬ್ರಿಟಿಷರು ಬಿಟ್ಟು ಹೊರಟ್ರು. ಆದ್ರೆ ಒಂದಷ್ಟು ಸಿಪಾಯಿಗಳು ಹಡಗು ಹತ್ತಲೇ ಇಲ್ಲ. ಕೈಂತಾದಲ್ಲಿ ಉಳ್ಕೊಂಡ್ರು, ಅಲ್ಲಿಯ ಹೆಣ್ಮಕ್ಕಳನ್ನ ಮದುವೆ ಆದ್ರು, ಅಲ್ಲೇ ಮಣ್ಣಾದ್ರು. ನಮ್ಮಜ್ಜ ಸಿಪಾಯಿ ಅಂತ ಹೇಳ್ಕೊಳ್ಳೋ ಮನೆತನಗಳು ಅಲ್ಲಿ ಈಗಲೂ ಇದಾವೆ, ಬಣ್ಣ, ಮೂಗು ತೋರಿಸಿ ಹೇಳ್ತಾರೆ. ಹಿಂದೆ ಬಿಟ್ಟು ಬಂದ ಊರಲ್ಲಿ ಆ ಹುಡುಗ್ರಿಗಾಗಿ ಎಷ್ಟು ವರ್ಷ ಕಾದಿರ್ತಾರೋ ಏನೋ.

ಸ್ಪೇನಿನವರು ಚದುರಿ ಹೋಗಿದ್ದ ಹಳ್ಳಿಗಳನ್ನ ಎಳ್ಕೊಂಡು ಬಂದು ಚರ್ಚಿನ ಗಂಟೆ ಕೇಳೋಷ್ಟು ದೂರದೊಳಗೆ ಕೂರಿಸಿದ್ರು, ಗಂಟೆ ಕೆಳಗೆ ಬದುಕೋದು ಅಂತಲೇ ಅದಕ್ಕೆ ಮಾತಿತ್ತು. ಮಧ್ಯ ಒಂದು ಚೌಕ, ಎದುರು ಚರ್ಚು, ಪಕ್ಕ ಸರ್ಕಾರಿ ಕಚೇರಿ, ಮತ್ತೆ ಒಬ್ಬ ಸಂತನ ಹೆಸರು. ಸಾನ್ ಪಾಬ್ಲೋ, ಸಾಂತಾ ರೋಸಾ, ಲೆಕ್ಕನೇ ಇಲ್ಲ. ಇವತ್ತಿನ ಆಂಜೆಲೆಸ್, ಅಂದ್ರೆ ದೇವದೂತರ ನಗರ, ಮುಂಚೆ ಕುಲಿಯಾತ್, ಒಂದು ಬಳ್ಳಿಯ ಹೆಸರು, ದೇವದೂತರು ಬಂದು ಬಳ್ಳಿ ಹೋಯ್ತು. ಊರಾದ ಮೇಲೆ ಮನುಷ್ಯರ ಸರದಿ. 1849ರಲ್ಲಿ ಗವರ್ನರ್ ಕ್ಲಾವೆರಿಯಾ ಎಲ್ಲರಿಗೂ ಮನೆತನದ ಹೆಸರು ಇರ್ಬೇಕು ಅಂತ ಆದೇಶ ಹೊರಡಿಸಿ, ಅಕ್ಷರ ಕ್ರಮದಲ್ಲಿ ಹೆಸರುಗಳ ಪುಸ್ತಕನೇ ಮಾಡಿ ಊರೂರಿಗೆ ಹಂಚಿದ. ಅಲ್ಬಾಯ್ ಪ್ರಾಂತ್ಯದ ಓವಾಸ್ ಊರಿಗೆ ಆರ್ ಅಕ್ಷರದ ಹಾಳೆಗಳು ಸಿಕ್ವು, ಅಲ್ಲಿ ಇವತ್ತಿಗೂ ಸ್ಕೂಲಲ್ಲಿ ಹಾಜರಿ ಕರೆದ್ರೆ ಆರ್ ಬಿಟ್ಟು ಬೇರೆ ಅಕ್ಷರ ಕೇಳಿಸೋದೇ ಕಷ್ಟ.

ಅಮೆರಿಕದವರು ಬಂದ ಮೇಲೆ ಸಂತರು ನಿಂತು ಆಫೀಸರ್‌ಗಳು ಶುರುವಾದ್ರು. ಸಮಾರ್ ದ್ವೀಪದಲ್ಲಿ ತುಬಿಗ್ ಅಂತಿದ್ದ ಊರು, ತುಬಿಗ್ ಅಂದ್ರೆ ನೀರು, ಅದು ಅಮೆರಿಕದ ಗವರ್ನರ್ ಟಾಫ್ಟ್ ಹೆಸರಲ್ಲಿ ಟಾಫ್ಟ್ ಆಯ್ತು, ಅದೇ ದ್ವೀಪದ ಪಾರಾನಾಸ್‌ಗೆ ಗವರ್ನರ್ ಜನರಲ್ ಲ್ಯೂಕ್ ರೈಟ್ ಹೆಸರಿಟ್ರು. ಸ್ವಾತಂತ್ರ್ಯ ಬಂದ ಮೇಲೆ ಅವರವರೇ ಶುರು ಹಚ್ಕೊಂಡ್ರು. ಸೆಬುವಿನ ಪಕ್ಕದ ಓಪೋನ್, ಮೆಗೆಲ್ಲನ್‌ನ ಸೈನ್ಯವನ್ನ ಸೋಲಿಸಿದ ಲಾಪುಲಾಪು ಹೆಸರಲ್ಲಿ 1961ರಲ್ಲಿ ಸಿಟಿ ಆಯ್ತು, ಮೆಗೆಲ್ಲನ್ ಸತ್ತಿದ್ದೂ ಆ ದ್ವೀಪದಲ್ಲೇ, ಸರಿಯಾಗೇ ಇದೆ. ಕವೀತೆಯಲ್ಲಿ 1896ರಲ್ಲಿ ಗುಂಡಿಟ್ಟು ಕೊಂದ 13 ಜನರ ನೆನಪಿಗೆ ತ್ರೆಸೆ ಮಾರ್ತಿರೆಸ್, ಅಂದ್ರೆ 13 ಹುತಾತ್ಮರು ಅನ್ನೋ ಊರೇ ಇದೆ, ಇದೂ ಸರಿ. ಆದ್ರೆ ಅಧ್ಯಕ್ಷರ ಹೆಸರಲ್ಲಿ ತಾಯಾಬಾಸ್ ಪ್ರಾಂತ್ಯ ಕೇಸೋನ್ ಆಗಿದ್ದು, ಕಾಪಿಜ್ ಪಟ್ಟಣ ರೋಹಾಸ್ ಆಗಿದ್ದು, ಜನರಲ್ ಇವರು, ಪ್ರೆಸಿಡೆಂಟ್ ಅವರು ಅಂತ ಬೋರ್ಡ್ ಬದಲಾಯಿಸ್ತಾ ಹೋಗಿದ್ದು ನನಗಂತೂ ಸೇರಲ್ಲ, ಆ ಹೆಸರಲ್ಲಿ ನೆಲದ ವಾಸನೆನೇ ಇರಲ್ಲ. ಕಡೆಗೆ 1991ರ ಸ್ಥಳೀಯ ಆಡಳಿತ ಕಾನೂನಲ್ಲಿ ಬದುಕಿರೋರ ಹೆಸರು ಊರಿಗೆ ಇಡಂಗಿಲ್ಲ, 10 ವರ್ಷಕ್ಕಿಂತ ಬೇಗ ಮತ್ತೆ ಹೆಸರು ಬದಲಿಸಂಗಿಲ್ಲ ಅಂತ ಬರೆದ್ರು.

ವಾಪಸ್ ಬಂದ ಹೆಸರೂ ಇದಾವೆ. ರೈಟ್ ಅನ್ನೋ ಊರು 1988ರಲ್ಲಿ ಮತ್ತೆ ಪಾರಾನಾಸ್ ಆಯ್ತು. ಇನ್ನು ದೇಶದ ಹೆಸರಂತೂ ಪೂರ್ತಿ ಸ್ಪೇನಿನ ರಾಜ ಎರಡನೇ ಫಿಲಿಪ್‌ನದ್ದು, 1543ರಲ್ಲಿ ವಿಲ್ಯಾಲೋಬೋಸ್ ಅನ್ನೋ ಹಡಗಿನ ನಾಯಕ ಇಟ್ಟಿದ್ದು, ಆಗಿನ್ನೂ ಅವನು ಯುವರಾಜ, ಆ ದ್ವೀಪಗಳನ್ನ ಸಾಯೋವರೆಗೂ ಕಣ್ಣಲ್ಲಿ ನೋಡಲೇ ಇಲ್ಲ. ಅದನ್ನ ತೆಗೆದು ಮಹಾರ್ಲಿಕಾ ಅಂತ ಇಡೋಣ ಅನ್ನೋ ಮಾತು 1970ರ ದಶಕದಲ್ಲಿ ಅಧ್ಯಕ್ಷ ಮಾರ್ಕೋಸ್ ಕಾಲದಲ್ಲಿ ಎದ್ದಿತ್ತು, 2019ರಲ್ಲಿ ಆಗಿನ ಅಧ್ಯಕ್ಷ ದುತೆರ್ತೆ ಮತ್ತೆ ಎತ್ತಿದ್ರು. ಆ ಪದ ಸಂಸ್ಕೃತದ ಮಹರ್ಧಿಕದಿಂದ ಬಂದಿದ್ದು, ಹಳೇ ತಗಾಲೋಗ್ ಸಮಾಜದಲ್ಲಿ ದೊರೆಗೆ ಯುದ್ಧಕ್ಕೆ ಜೊತೆ ಹೋಗ್ತಿದ್ದ ಸ್ವತಂತ್ರ ಜನರಿಗೆ ಹಂಗಂತಿದ್ರು. ಎರಡು ಸಲನೂ ಮಾತು ಮಾತಾಗೇ ಉಳೀತು, ಪಾಸ್‌ಪೋರ್ಟ್ ಮೇಲೆ ಈಗಲೂ ಇರೋದು ಫಿಲಿಪ್‌ನ ಹೆಸರೇ.

ನಮಸ್ಕಾರ.