ಹುರುಳಿ ಯಾವುದು, ಅಲಸಂದೆ ಯಾವುದು? ಕೃಷಿ ವಿಶ್ವವಿದ್ಯಾಲಯದ ಬಾಗಿಲಲ್ಲಿ ಕೇಳುವ ಪ್ರಶ್ನೆ

(ದೃಶ್ಯ: ಉದ್ದನೆಯ ಮೇಜು. ಸಣ್ಣ ಸಣ್ಣ ತಟ್ಟೆಗಳಲ್ಲಿ ಬೇರೆ ಬೇರೆ ಕಾಳು. ಪಕ್ಕದಲ್ಲಿ ಒಂದು ಕುಡುಗೋಲು, ಬೇರುಸಮೇತ ಕಿತ್ತ ಒಂದಿಷ್ಟು ಕಳೆ.)

ನಮಸ್ಕಾರ. ಈ ತಟ್ಟೆಗಳನ್ನ ಒಂದ್ಸಲ ನೋಡಿ. ಇದು ಹುರುಳಿ. ಇದು ಅಲಸಂದೆ. ಕಪ್ಪಗೆ, ಸಣ್ಣಗೆ ಹೊಳೀತಿರೋದು ಹುಚ್ಚೆಳ್ಳು. ಇನ್ನು ಈ ಎರಡರಲ್ಲಿ ನವಣೆ ಯಾವುದು, ಸಾಮೆ ಯಾವುದು? ಪೇಟೆಯಲ್ಲಿ ಬೆಳೆದವರು ಇಲ್ಲಿ ತಡವರಿಸ್ತಾರೆ. ಹೊಲದ ಬದುವಿನ ಮೇಲೆ ಆಡಿ ಬೆಳೆದ ಮಕ್ಕಳಿಗೆ ಕೈಗೆ ತಗೊಂಡ ಕೂಡಲೇ ಗೊತ್ತಾಗುತ್ತೆ.

ನಮ್ಮ ರಾಜ್ಯದಲ್ಲಿ ಇಂಥದ್ದೇ ಒಂದು ಪರೀಕ್ಷೆ ನಿಜವಾಗಿಯೂ ನಡೆಯುತ್ತೆ. ಬಿಎಸ್ಸಿ ಕೃಷಿ ಓದಬೇಕು ಅನ್ನೋ ರೈತರ ಮಕ್ಕಳಿಗೆ ಕೃಷಿಕ ಕೋಟಾ ಇದೆ. ಆ ಕೋಟಾದಲ್ಲಿ ಸೀಟು ಬೇಕಾದರೆ ಸಿಇಟಿ ಬರೆದರೆ ಸಾಲದು, ಪ್ರಾಯೋಗಿಕ ಪರೀಕ್ಷೆಗೂ ಹೋಗಬೇಕು. ಬೀಜ, ಉಪಕರಣ, ಹೀಗೆ ಬೇಸಾಯದಲ್ಲಿ ಕಣ್ಣಿಗೆ ಬೀಳುವ ವಸ್ತುಗಳನ್ನ ಗುರುತು ಹಿಡಿಯಬೇಕು. ಆ ಅಂಕವೂ ರ‍್ಯಾಂಕಿಂಗ್ ಲೆಕ್ಕಕ್ಕೆ ಸೇರುತ್ತೆ. ಈ ಕೋಟಾ ಮೊದಲು ಶೇಕಡ 40 ಇತ್ತು. ಅದನ್ನ ಶೇಕಡ 50ಕ್ಕೆ ಏರಿಸೋದಾಗಿ ಸರ್ಕಾರ 2021ರಲ್ಲಿ ಘೋಷಿಸಿತು.

ನನಗೆ ಈ ಪರೀಕ್ಷೆ ಬಹಳ ದೊಡ್ಡದು ಅನ್ನಿಸುತ್ತೆ. ಬೆಳಿಗ್ಗೆ ಎದ್ದು ಹಸುವಿಗೆ ಹುಲ್ಲು ಕೊಯ್ದು, ಹಾಲು ಡೈರಿಗೆ ಹಾಕಿ, ಆಮೇಲೆ ಬಸ್ಸು ಹಿಡಿದು ಕಾಲೇಜಿಗೆ ಹೋಗೋ ಹುಡುಗಿಗೆ ಕೋಚಿಂಗ್‌ಗೆ ಹೋದವರಷ್ಟು ಅಂಕ ಬರದೇ ಇರಬಹುದು. ಆ ಬೆಳಗಿನ ಕೆಲಸದಿಂದ ಅವಳು ಕಲಿತದ್ದೂ ವಿದ್ಯೆಯೇ ಅಂತ ಒಪ್ಪಿ ಅಂಕ ಕೊಡೋ ಜಾಗ ಇನ್ನೊಂದನ್ನ ನಾನು ಕಂಡಿಲ್ಲ.

(ದೃಶ್ಯ: ಬಳ್ಳಾರಿ ರಸ್ತೆ, ಜಿಕೆವಿಕೆ ಹೆಬ್ಬಾಗಿಲು. ಒಳಗೆ ಹಸಿರು ತಾಕುಗಳು.)

ಇದು ಜಿಕೆವಿಕೆ, ಅಂದ್ರೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣ. ವಿಶ್ವವಿದ್ಯಾಲಯ ಶುರುವಾಗಿದ್ದು 1964ರಲ್ಲಿ. ಅದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತೆ. 1899ರಲ್ಲಿ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದಾಗ ಹೆಬ್ಬಾಳದಲ್ಲಿ ಕೃಷಿ ಪ್ರಯೋಗಕ್ಕೆ ಅಂತ 30 ಎಕರೆ ಕೊಟ್ಟರು. ಕೆನಡಾದಿಂದ ಬಂದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರ ಕಾಲದಲ್ಲಿ, 1913ರಲ್ಲಿ, ಅಲ್ಲೇ ಕೃಷಿ ಶಾಲೆ ಆಯ್ತು. 1946ರಲ್ಲಿ ಕಾಲೇಜು. ಪಾಠ, ಸಂಶೋಧನೆ, ವಿಸ್ತರಣೆ ಮೂರೂ ಒಂದೇ ಸೂರಿನಡಿ ಇರಬೇಕು ಅನ್ನೋದು ವಿಶ್ವವಿದ್ಯಾಲಯ ಕಟ್ಟಿದವರ ಯೋಚನೆ. ವಿಸ್ತರಣೆ ಅಂದ್ರೆ ಕಲಿತದ್ದನ್ನ ಊರಿಗೆ ತಲುಪಿಸೋದು. ಇಲಾಖೆಯವರ ಬಾಯಲ್ಲಿ ಈ ಮಾತು ಒಣಗಿದ ಹಾಗೆ ಕೇಳಿಸುತ್ತೆ, ಹೊಲಕ್ಕೆ ಬಂದರೆ ಹಾಗಲ್ಲ. ರಾಗಿಯ ಕಥೆ ಕೇಳಿ.

(ದೃಶ್ಯ: ರಾಗಿ ತೆನೆ, ಹತ್ತಿರದಿಂದ. ಹೂವು ಕಣ್ಣಿಗೆ ಕಾಣದಷ್ಟು ಸಣ್ಣದು.)

ಮಂಡ್ಯದ ವಿಶ್ವೇಶ್ವರಯ್ಯ ನಾಲಾ ಫಾರಂ, ಜನರ ಬಾಯಲ್ಲಿ ವಿ.ಸಿ. ಫಾರಂ, ಬೆಳೆಗಳ ಸಂಶೋಧನಾ ಕೇಂದ್ರ. ಅಲ್ಲಿ ಸಿ.ಎಚ್. ಲಕ್ಷ್ಮಣಯ್ಯ ಅಂತ ಒಬ್ಬರಿದ್ದರು. ರಾಗಿ ಲಕ್ಷ್ಮಣಯ್ಯ ಅಂದರೆ ಹಳೇ ಮೈಸೂರಿನ ಹಿರಿಯ ರೈತರಿಗೆ ಈಗಲೂ ಗೊತ್ತು. ರಾಗಿಯಲ್ಲಿ ತಳಿ ಮಾಡೋದು ಕಣ್ಣು ನೋಯೋ ಕೆಲಸ. ಹೂವು ತೀರಾ ಸಣ್ಣದು, ಅರಳೋದು ಬೆಳಗಿನ ಜಾವದಲ್ಲಿ, ತನ್ನ ಪರಾಗವನ್ನ ತಾನೇ ತಗೊಂಡುಬಿಡುತ್ತೆ. ಬೇರೆ ಗಿಡದ ಜೊತೆ ಕೂಡಿಸಬೇಕಾದರೆ ಎರಡು ತೆನೆ ಒಟ್ಟಿಗೆ ಕಟ್ಟಿ ಕಾಯೋದು ಒಂದು ದಾರಿ. ಅದರಲ್ಲೂ ಬೆರೆಯೋ ಕಾಳು ಎಲ್ಲೋ ಕೆಲವು. ಆ ಕೆಲವನ್ನ ಹುಡುಕೋದು ಹೇಗೆ? ತಾಯಿ ಗಿಡ ಹಸಿರು, ತಂದೆ ಗಿಡ ನೇರಳೆ ಛಾಯೆಯದು ಆರಿಸ್ಕೋತಾರೆ. ಬಿತ್ತಿದ ಮೇಲೆ ಹಸಿರು ಪೈರಿನ ನಡುವೆ ನೇರಳೆ ಇಣುಕಿದರೆ ಅದೇ ಬೆರಕೆ.

ಲಕ್ಷ್ಮಣಯ್ಯನವರು ಮೊದಲು ಅರುಣ, ಉದಯ, ಪೂರ್ಣ, ಕಾವೇರಿಯಂಥ ತಳಿ ಕೊಟ್ಟರು. ಆಮೇಲೆ ನಮ್ಮ ರಾಗಿಯನ್ನ ಆಫ್ರಿಕಾದ ರಾಗಿಗೆ ಕೂಡಿಸಿದರು. ರಾಗಿಯ ತವರು ಪೂರ್ವ ಆಫ್ರಿಕಾ, ಸಾವಿರಾರು ವರ್ಷದ ಹಿಂದೆ ಅಲ್ಲಿಂದ ನಮ್ಮ ನೆಲಕ್ಕೆ ಬಂದದ್ದು. ಅಲ್ಲಿನದಕ್ಕೆ ದಪ್ಪ ತೆನೆ, ಗಟ್ಟಿ ದಂಟು. ನಮ್ಮದಕ್ಕೆ ಹೆಚ್ಚು ತೆಂಡೆ, ಅಂದ್ರೆ ಬುಡದಿಂದ ಒಡೆಯೋ ಕವಲು. ಎರಡೂ ಸೇರಿ ಹುಟ್ಟಿದ ತಳಿಗಳಿಗೆ ಇಂಡಾಫ್ ಅಂತ ಹೆಸರಾಯ್ತು. ಇಂಡಿಯಾ, ಆಫ್ರಿಕಾ ಎರಡೂ ಆ ಹೆಸರಲ್ಲಿವೆ. ಈಗ ಊರೂರಲ್ಲಿ ಬಿತ್ತೋ ಜಿಪಿಯು-28 ಇದೆಯಲ್ಲ, ಬೆಂಕಿ ರೋಗ ತಡೆಯೋ ತಳಿ ಅಂತ ಹೆಸರಾದದ್ದು, ಅದರ ವಂಶದಲ್ಲೂ ಇಂಡಾಫ್ ಇದೆ.

ಇಲ್ಲಿ ಒಂದು ಮಾತು ನಿಧಾನವಾಗಿ ಹೇಳಬೇಕು. ಹೈಬ್ರಿಡ್ ಮುಸುಕಿನ ಜೋಳ ಬೆಳೆಯೋರು ವರ್ಷ ವರ್ಷ ಅಂಗಡಿಗೆ ಹೋಗಿ ಬೀಜದ ಚೀಲ ತರಬೇಕು. ಮನೆ ಕಾಳು ಬಿತ್ತಿದರೆ ಮೊದಲ ವರ್ಷದ ಇಳುವರಿ ಬರಲ್ಲ. ರಾಗಿ ಹಾಗಲ್ಲ. ತನ್ನ ಪರಾಗವನ್ನೇ ತಗೊಳ್ಳೋ ಬೆಳೆ ಆದ್ದರಿಂದ ಒಳ್ಳೆ ತೆನೆ ಆರಿಸಿ ಎತ್ತಿಟ್ಟರೆ ಮುಂದಿನ ವರ್ಷವೂ ಅದೇ ರಾಗಿ. ವಿಶ್ವವಿದ್ಯಾಲಯದಿಂದ ಒಬ್ಬರು ಐದು ಕೆಜಿ ತಂದರೆ ಸಾಕು. ಅಕ್ಕನ ಮನೆಗೆ ಎರಡು ಸೇರು, ಬೀಗರ ಊರಿಗೆ ನಾಲ್ಕು ಸೇರು, ಹಾಗೇ ಹೋಬಳಿಯೆಲ್ಲ ಹಬ್ಬುತ್ತೆ. ತಳಿಯ ಹೆಸರು ಮರೆತುಹೋಗಿ "ಅವರ ಮನೆ ರಾಗಿ" ಅಂತ ಕರೆಯೋದೂ ಉಂಟು. ಸಾರ್ವಜನಿಕ ದುಡ್ಡಲ್ಲಿ ಹುಟ್ಟಿದ್ದು ಹೀಗೆ ಮತ್ತೆ ದುಡ್ಡು ಕೇಳದೆ ಕೈಯಿಂದ ಕೈಗೆ ಹೋಗಬೇಕು. ಪದವಿ ಪಡೆದವರ ಲೆಕ್ಕಕ್ಕಿಂತ ನನಗೆ ಈ ಲೆಕ್ಕ ಮುಖ್ಯ, ಇದನ್ನ ಯಾವ ವಾರ್ಷಿಕ ವರದಿಯಲ್ಲೂ ಹಿಡಿಯೋಕೆ ಆಗಲ್ಲ.

(ದೃಶ್ಯ: ಸಂತೆಯಲ್ಲಿ ಅವರೆಕಾಯಿ ರಾಶಿ.)

ಅವರೆಕಾಯಿಯದೂ ಇದೇ. ನಾಡ ಅವರೆ ಹಗಲು ಚಿಕ್ಕದಾದಾಗ ಮಾತ್ರ ಹೂ ಬಿಡುತ್ತೆ, ಅದಕ್ಕೇ ಅದು ಚಳಿಗಾಲದ ಊಟ. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಹಗಲಿನ ಉದ್ದ ನೋಡಲ್ಲ, ನೀರಿದ್ದರೆ ವರ್ಷದ ಯಾವ ತಿಂಗಳಲ್ಲಾದರೂ ಕಾಯಿ. ಸೊಗಡು ಇಲ್ಲ ಅಂತ ಹಿರಿಯರು ಮೂಗು ಮುರೀತಾರೆ. ಅವರ ಮಾತು ಸುಳ್ಳಲ್ಲ. ಆದರೆ ಮೇ ತಿಂಗಳಲ್ಲಿ ಅವರೆ ಮಾರಿ ಮಕ್ಕಳ ಫೀಸು ಕಟ್ಟಿದ ಮನೆಯವರನ್ನೂ ಕೇಳಬೇಕು.

(ದೃಶ್ಯ: ಕೃಷಿ ಮೇಳ. ಊರಿನ ಹೆಸರು ಬರೆದ ಬಸ್ಸುಗಳ ಸಾಲು.)

ಸಾಮಾನ್ಯವಾಗಿ ನವೆಂಬರ್‌ನಲ್ಲಿ ಜಿಕೆವಿಕೆಯಲ್ಲಿ ಮೇಳ ನಡೆಯುತ್ತೆ. ಹೋದರೆ ಮಳಿಗೆಗಳ ಗದ್ದಲದಲ್ಲೇ ನಿಂತುಬಿಡಬೇಡಿ, ಹಿಂದಿನ ತಾಕುಗಳಿಗೆ ನಡೆದು ಹೋಗಿ. ಹೊಸ ತಳಿಗಳು ನೆಲದಲ್ಲಿ ಬೆಳೆದು ನಿಂತಿರುತ್ತವೆ, ಮುಂದೆ ಹೆಸರಿನ ಹಲಗೆ. ರೈತರು ತೆನೆ ಹಿಡಿದು, ಕಾಳು ಉಜ್ಜಿ, ಬಾಯಿಗೆ ಹಾಕ್ಕೊಂಡು ತೀರ್ಮಾನ ಮಾಡ್ತಾರೆ. ವಿಜ್ಞಾನಿಗೆ ಅದಕ್ಕಿಂತ ಕಠಿಣ ಪರೀಕ್ಷೆ ಇಲ್ಲ.

(ದೃಶ್ಯ: ಒಂದು ಹಳ್ಳಿಯ ದೇವಸ್ಥಾನದ ಅಂಗಳ. ವಿದ್ಯಾರ್ಥಿಗಳು ನೆಲದ ಮೇಲೆ ಕೂತಿದ್ದಾರೆ.)

ಕೊನೇ ವರ್ಷದಲ್ಲಿ ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಹಳ್ಳಿಯಲ್ಲೇ ಇರಬೇಕು. ಗ್ರಾಮೀಣ ಕೃಷಿ ಕಾರ್ಯಾನುಭವ ಅಂತ ಅದಕ್ಕೆ ಹೆಸರು. ಮೊದಮೊದಲು ಮಾಡೋ ಕೆಲಸಗಳಲ್ಲಿ ಒಂದು, ಊರಿನ ನಕ್ಷೆ. ಕಾಗದದ ಮೇಲಲ್ಲ, ಅಂಗಳದಲ್ಲಿ, ರಂಗೋಲಿ ಪುಡಿಯಲ್ಲಿ. ಹಸಿರು ಪುಡಿ ತೋಟಕ್ಕೆ, ನೀಲಿ ಕೆರೆಗೆ, ಹಳದಿ ದಾರಿಗೆ. ಊರವರು ಸುತ್ತ ನಿಂತು ನೋಡ್ತಾರೆ. ಸ್ವಲ್ಪ ಹೊತ್ತು ಯಾರೂ ಮಾತಾಡಲ್ಲ. ಆಮೇಲೆ ಒಬ್ಬ ಅಜ್ಜಿ ಮುಂದೆ ಬಂದು ಬಗ್ಗಿ, "ಅಲ್ಲಲ್ಲ ಕಣವ್ವ, ಕೋಡಿ ಈ ಕಡೀಕೆ ಬತ್ತದೆ" ಅಂತ ಬೆರಳಲ್ಲಿ ನೀಲಿ ಗೆರೆಯನ್ನ ಅಳಿಸಿ ಎಳೀತಾಳೆ. ಹುಡುಗಿ ಪುಡಿಯ ಬಟ್ಟಲನ್ನ ಅಜ್ಜಿಯ ಕೈಗೇ ಕೊಡ್ತಾಳೆ.

(ದೃಶ್ಯ: ಮೇಲಿನಿಂದ ರಂಗೋಲಿಯ ನಕ್ಷೆ. ಅಜ್ಜಿಯ ಕೈ ಇನ್ನೂ ಗೆರೆ ಎಳೀತಿದೆ.)